ಹವಳದ ಕಾಯಿಲೆ, ಕಡಲಡಿಯ ದಫ್ತರ

ಹವಳವು ಏಕಕಾಲಕ್ಕೆ ಪ್ರಾಣಿಯೂ ಹೌದು, ಆ ಪ್ರಾಣಿ ಕಟ್ಟಿಕೊಂಡ ಮನೆಯೂ ಹೌದು; ಪ್ರಾಣಿ ಸತ್ತ ಮೇಲೂ ಮನೆ ನಿಂತೇ ಇರುವುದರಿಂದ, ಹವಳದ ಕಾಯಿಲೆಯನ್ನು ಗುರುತಿಸಿ ಅದರ ಜಾಡು ಹಿಡಿಯುವ ಕೆಲಸವು ಬೇರೆ ಜೀವಿಗಳ ವಿಷಯದಲ್ಲಿ ಎದುರಾಗದ ತೊಡಕುಗಳನ್ನು ಒಡ್ಡುತ್ತದೆ. ನವರತ್ನಗಳಲ್ಲೊಂದೆನಿಸಿ ಉಂಗುರವನ್ನು ಸೇರುವ ಕೆಂಪು ಹವಳ ಬೇರೆಯೇ ಬಳಗದ್ದು. ಉಷ್ಣವಲಯದ ಆಳವಿಲ್ಲದ ಕಡಲಿನಲ್ಲಿ ದಿಬ್ಬಗಳನ್ನು ಕಟ್ಟುವವು ಕಲ್ಲುಹವಳಗಳು. ಪಾಲಿಪ್ ಎಂದು ಕರೆಯಲಾಗುವ, ಬಹುಮಟ್ಟಿಗೆ ಕೆಲವೇ ಮಿಲಿಮೀಟರ್ ಅಗಲದ, ಬಾಯಿಯ ಸುತ್ತ ಗ್ರಹಣಾಂಗಗಳುಳ್ಳ ಮೆತ್ತನೆಯ ಮೈಯ ಜೀವಿಗಳು ಸಾವಿರಗಟ್ಟಲೆ ಒಂದಕ್ಕೊಂದು ಅಂಟಿಕೊಂಡು ಒಂದೇ ಸಂಸಾರವಾಗಿ ಬಾಳುತ್ತ, ಕಡಲ ನೀರಿನಲ್ಲಿ ಕರಗಿರುವ ಸುಣ್ಣದಂಶವನ್ನು ಹೀರಿ ತಮ್ಮ ಅಡಿಯಲ್ಲಿ ಗಟ್ಟಿಯಾದ ಅಸ್ಥಿಪಂಜರವನ್ನು ಕಟ್ಟುತ್ತ ಹೋಗುತ್ತವೆ. ಇಂಥ ಒಂದು ಸಂಸಾರಕ್ಕೆ ವಿಜ್ಞಾನಿಗಳು ಕಾಲೊನಿ ಎಂದು ಹೆಸರಿಟ್ಟಿದ್ದಾರೆ. ಪಾಲಿಪ್‌ಗಳ ಅಂಗಾಂಶದೊಳಗೆ ಏಕಕೋಶೀಯ ಪಾಚಿಗಳು ನೆಲೆಸಿದ್ದು, ಬಿಸಿಲಿನ ನೆರವಿನಿಂದ ತಾವು ತಯಾರಿಸಿದ ಆಹಾರದ ಬಹುಪಾಲನ್ನು ಆಶ್ರಯ ಕೊಟ್ಟ ಹವಳಕ್ಕೆ ಸಲ್ಲಿಸುತ್ತವೆ. ಹವಳದ ಕಂದು, ಹಸಿರು ಛಾಯೆಗಳಿಗೂ ಬಹುತೇಕ ಈ ಪಾಚಿಗಳೇ ಕಾರಣ. ಉಂಡೆಯಾಕಾರದ ಹವಳಗಳು ವರ್ಷಕ್ಕೆ ಸುಮಾರು 1 ಸೆಂಟಿಮೀಟರ್‌ನಷ್ಟು ಬೆಳೆದರೆ, ಕವಲೊಡೆಯುವ ಜಾತಿಗಳು 10 ಸೆಂಟಿಮೀಟರ್‌ಗೂ ಹೆಚ್ಚು ಬೆಳೆಯಬಲ್ಲವು. ಆಳೆತ್ತರದ ಉಂಡೆ ಹವಳವೊಂದು ಶತಮಾನಕ್ಕೂ ಹಿಂದೆ ಮೊಳೆತದ್ದಾಗಿದ್ದರೂ ಅಚ್ಚರಿಯಿಲ್ಲ.

ಇಷ್ಟು ನಿಧಾನವಾಗಿ ಬೆಳೆಯುವ ಜೀವಿಯು ಸಾಯುವುದು ಮಾತ್ರ ಕೆಲವೇ ವಾರಗಳಲ್ಲಿ. ಕಾಯಿಲೆ ತಗುಲಿದ ಕಾಲೊನಿಯ ಮೇಲಿನ ಅಂಗಾಂಶ ಕಳಚಿಹೋದಾಗ ಅದರಡಿಯ ಅಸ್ಥಿಪಂಜರ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ. ಆದರೆ ಆ ಬಿಳುಪು ಬಹುಕಾಲ ಉಳಿಯುವುದಿಲ್ಲ, ನೂಲಿನಂಥ ಪಾಚಿ ಅದನ್ನು ಬೇಗನೆ ಆವರಿಸಿಕೊಳ್ಳುತ್ತದೆ. ಕೆಲವು ತಿಂಗಳು ತಡವಾಗಿ ಬಂದವರಿಗೆ ಅಲ್ಲಿ ಕಾಣುವುದು ಪಾಚಿ ಹಿಡಿದ ಒಂದು ಬಂಡೆ ಮಾತ್ರ. ಅದು ಹೋದ ಬೇಸಿಗೆಯಲ್ಲಿ ಸತ್ತದ್ದೋ, ಇಪ್ಪತ್ತು ವರ್ಷಗಳ ಹಿಂದೆ ಸತ್ತದ್ದೋ, ರೋಗದಿಂದ ಸತ್ತದ್ದೋ, ಬಿರುಗಾಳಿಯಿಂದ ಸತ್ತದ್ದೋ ಎಂಬುದನ್ನು ಹೇಳಬಲ್ಲ ಸಾಕ್ಷಿ ಅಲ್ಲಿ ಉಳಿದಿರುವುದಿಲ್ಲ. ಬಿಳುಪು ಕಂಡಾಗಲೇ ಹೋದವರಿಗೂ ಕೆಲಸ ಸುಲಭವಲ್ಲ, ಏಕೆಂದರೆ ಬಿಳುಪಿಗೆ ಕಾರಣಗಳು ಹಲವು. ನೀರು ಮಿತಿಮೀರಿ ಬಿಸಿಯಾದಾಗ ಹವಳವು ತನ್ನೊಳಗಿನ ಪಾಚಿಗಳನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಆಗ ಅಂಗಾಂಶ ಪಾರದರ್ಶಕವಾಗಿದ್ದರೂ ಜೀವಂತವಾಗಿರುತ್ತದೆ, ಬಿಸಿ ಬೇಗ ಇಳಿದರೆ ಚೇತರಿಸಿಕೊಳ್ಳಲೂಬಹುದು. ರೋಗದಲ್ಲಿ ಅಂಗಾಂಶವೇ ಇಲ್ಲವಾಗುತ್ತದೆ. ಬದುಕಿರುವ ಭಾಗಕ್ಕೂ ಸತ್ತ ಭಾಗಕ್ಕೂ ನಡುವೆ ಒಂದು ಗೆರೆ ಮೂಡಿ, ಅದು ದಿನದಿನಕ್ಕೆ ಮುಂದಕ್ಕೆ ಸರಿಯುತ್ತದೆ. ಮುಳ್ಳುಕಿರೀಟದ ನಕ್ಷತ್ರಮೀನು ಎಂಬ ಪ್ರಾಣಿ ಹವಳದ ಮೇಲೆ ಕುಳಿತು ತನ್ನ ಜಠರವನ್ನೇ ಹೊರಚಾಚಿ ಅಂಗಾಂಶವನ್ನು ಕರಗಿಸಿ ಹೀರಿದಾಗಲೂ ಹೆಚ್ಚುಕಡಿಮೆ ಇಂಥದ್ದೇ ಬಿಳಿ ಕಲೆ ಉಳಿಯುತ್ತದೆ. ಈ ಮೂರನ್ನೂ ಬೇರ್ಪಡಿಸಿ ಹೇಳಲು ಪಳಗಿದ ಕಣ್ಣು ಬೇಕು, ಅದಕ್ಕಿಂತ ಮುಖ್ಯವಾಗಿ ಅದೇ ಕಾಲೊನಿ ಹಿಂದಿನ ಸಲ ಹೇಗಿತ್ತು ಎಂಬ ದಾಖಲೆ ಬೇಕು.

ದಾಖಲೆ ಏಕೆ ಬೇಕೆಂಬುದನ್ನು ಒಂದು ಸರಳ ಲೆಕ್ಕದಿಂದ ವಿವರಿಸಬಹುದು. ಒಂದು ದಿಬ್ಬದಲ್ಲಿ ನೂರು ಕಾಲೊನಿಗಳಿದ್ದು, ಸಮೀಕ್ಷೆಗೆ ಹೋದಾಗಲೆಲ್ಲ ಅವುಗಳಲ್ಲಿ ಮೂರಕ್ಕೆ ರೋಗವಿರುವುದು ಕಂಡುಬಂತೆನ್ನೋಣ. ಒಂದು ಹೊತ್ತಿನಲ್ಲಿ ಎಷ್ಟು ಮಂದಿಗೆ ರೋಗವಿದೆ ಎಂದು ತಿಳಿಸುವ ಈ ಅಂಕಿಯನ್ನು ರೋಗದ ವ್ಯಾಪ್ತಿ ಎನ್ನಬಹುದು, ಶೇ. 3ರ ವ್ಯಾಪ್ತಿ ಯಾರನ್ನೂ ಗಾಬರಿಗೊಳಿಸುವಂಥದ್ದಲ್ಲ. ಆದರೆ ಪ್ರತಿ ಸಲ ಕಂಡ ಮೂರು ಕಾಲೊನಿಗಳು ಅವೇ ಹಳೆಯ ಮೂರೋ, ಇಲ್ಲವೇ ಹಿಂದಿನ ಮೂರು ಸತ್ತು ಅವುಗಳ ಬದಲಿಗೆ ಹೊಸದಾಗಿ ಬಿದ್ದ ಮೂರೋ ಎಂಬುದರ ಮೇಲೆ ದಿಬ್ಬದ ಹಣೆಬರಹ ನಿಂತಿದೆ. ಅವೇ ಮೂರಾದರೆ ಅದು ದಿಬ್ಬವು ತಾಳಿಕೊಳ್ಳಬಲ್ಲ ಹಳೆಯ ಬೇನೆ. ತಿಂಗಳೊಪ್ಪತ್ತಿನಲ್ಲಿ ಕೊಲ್ಲುವ ರೋಗವಾಗಿ, ಪ್ರತಿ ತಿಂಗಳೂ ಹೊಸ ಮೂರು ಬೀಳುತ್ತಿದ್ದರೆ ವರ್ಷ ತುಂಬುವಷ್ಟರಲ್ಲಿ ದಿಬ್ಬದ ಮೂರರಲ್ಲೊಂದು ಪಾಲು ಹೋಗಿಯೇ ಬಿಟ್ಟಿರುತ್ತದೆ. ಗೊತ್ತಾದ ಅವಧಿಯಲ್ಲಿ ಹೊಸದಾಗಿ ರೋಗಕ್ಕೆ ತುತ್ತಾದವುಗಳ ಈ ಎಣಿಕೆಯನ್ನು ಸಂಭವ ದರ ಎನ್ನುತ್ತಾರೆ. ವ್ಯಾಪ್ತಿಯನ್ನು ಒಂದು ದಿನದ ಮುಳುಗಿನಲ್ಲಿ ತಿಳಿಯಬಹುದು. ಸಂಭವ ದರವನ್ನು ತಿಳಿಯಬೇಕಾದರೆ ಪ್ರತಿ ಕಾಲೊನಿಗೂ ಸಂಖ್ಯೆಯಿತ್ತು, ಮತ್ತೆ ಮತ್ತೆ ಅದೇ ಕಾಲೊನಿಯ ಬಳಿಗೆ ಹೋಗಲೇಬೇಕು. ಒಂದೇ ಸಲ ನಡೆದ ಸಮೀಕ್ಷೆಗಳನ್ನು ಆಧರಿಸಿ ದಿಬ್ಬವೊಂದು ಆರೋಗ್ಯದಿಂದಿದೆ ಎಂದು ಪ್ರಮಾಣಪತ್ರ ಕೊಡುವ ವರದಿಗಳನ್ನು ನಂಬಲಾಗದಿರುವುದು ಈ ಕಾರಣಕ್ಕೇ.

ಇಂಥ ಕೆಲಸದ ಉಪಕರಣಗಳು ಬಹಳ ಸರಳವಾದವು. ದಿಬ್ಬದ ಮೇಲೆ ಉಕ್ಕಿನ ಸರಳುಗಳನ್ನು ನೆಟ್ಟು, ಅವುಗಳ ನಡುವೆ ಅಳತೆ ಪಟ್ಟಿಯನ್ನು ಎಳೆದು, ಪಟ್ಟಿಯ ಕೆಳಗೆ ಬರುವ ಜೀವಂತ ಹವಳ, ಸತ್ತ ಹವಳ, ಪಾಚಿ, ಮರಳು ಇವುಗಳನ್ನು ಮುಳುಗುಗಾರರು ಬರೆದುಕೊಳ್ಳುತ್ತಾರೆ ಅಥವಾ ತುದಿಯಿಂದ ತುದಿಯವರೆಗೆ ಚಿತ್ರ ತೆಗೆಯುತ್ತಾರೆ. ಈ ಗೊತ್ತಾದ ಗೆರೆಗೆ ಟ್ರಾನ್ಸೆಕ್ಟ್ ಎಂದು ಹೆಸರು. ನೆಲದ ಎಷ್ಟು ಭಾಗವನ್ನು ಜೀವಂತ ಹವಳ ಹೊದ್ದಿದೆ ಎಂಬ ಶೇಕಡಾವಾರು ಲೆಕ್ಕವು ಹವಳದ ಹೊದಿಕೆ ಎನಿಸಿಕೊಳ್ಳುತ್ತದೆ. ಜೋಸೆಫ್ ಕಾನೆಲ್ ಎಂಬ ಅಮೆರಿಕದ ಪರಿಸರ ವಿಜ್ಞಾನಿ ಆಸ್ಟ್ರೇಲಿಯದ ಹೆರಾನ್ ದ್ವೀಪದಲ್ಲಿ 1960ರ ದಶಕದ ಆರಂಭದಲ್ಲಿ ಕೆಲವು ಚೌಕಗಳನ್ನು ಗುರುತು ಮಾಡಿ, ಅವುಗಳ ಚಿತ್ರಗಳನ್ನು ಸುಮಾರು ಮೂವತ್ತು ವರ್ಷಗಳ ಕಾಲ ತೆಗೆಯುತ್ತ ಬಂದರು. ಯಾವ ಹವಳ ಹುಟ್ಟಿತು, ಯಾವುದು ಪಕ್ಕದ್ದನ್ನು ಅಮುಕಿ ಬೆಳೆಯಿತು, ಯಾವುದು ಬಿರುಗಾಳಿಗೆ ಸಿಕ್ಕಿ ಹೋಯಿತು ಎಂಬುದನ್ನು ಊರ ಶ್ಯಾನುಭೋಗರು ಖಾತೆ ಬರೆದಂತೆ ಬರೆದಿಟ್ಟ ಆ ದಫ್ತರವು ದಿಬ್ಬಗಳನ್ನು ಕುರಿತ ತಿಳಿವಳಿಕೆಯನ್ನೇ ಬದಲಿಸಿತು.

ಹವಳದ ರೋಗಶಾಸ್ತ್ರದ ವಯಸ್ಸು ಹೆಚ್ಚಿನದಲ್ಲ. ಆರ್ನ್‌ಫ್ರೀಡ್ ಆಂಟೋನಿಯಸ್ ಎಂಬ ವಿಜ್ಞಾನಿ 1973ರಲ್ಲಿ ಕೆರಿಬಿಯನ್ ಕಡಲಿನ ಹವಳಗಳ ಮೇಲೆ ಒಂದು ಕಪ್ಪು ಪಟ್ಟಿ ದಿನಕ್ಕೆ ಕೆಲವು ಮಿಲಿಮೀಟರ್‌ನಂತೆ ಹರಿದಾಡುತ್ತ, ಹಿಂದೆ ಬಿಳಿ ಅಸ್ಥಿಪಂಜರವನ್ನು ಬಿಟ್ಟುಹೋಗುವುದನ್ನು ವರ್ಣಿಸಿದರು. ಹಲವು ಬಗೆಯ ಬ್ಯಾಕ್ಟೀರಿಯಾಗಳು ಹೆಣೆದುಕೊಂಡು ಮಾಡಿದ ಚಾಪೆಯಂಥ ಪದರವೇ ಈ ಕಪ್ಪು ಪಟ್ಟಿ. ಅದೇ ದಶಕದ ಕೊನೆಯಲ್ಲಿ ಬಿಳಿ ಪಟ್ಟಿ ರೋಗವೆಂಬ ಮತ್ತೊಂದು ಕಾಣಿಸಿಕೊಂಡು, ಕೆರಿಬಿಯನ್ ದಿಬ್ಬಗಳ ಆಳವಿಲ್ಲದ ಭಾಗವನ್ನು ಕಾಡಿನಂತೆ ತುಂಬಿದ್ದ ಎರಡು ಕವಲುಹವಳಗಳನ್ನು, ಕಡವೆಯ ಕೊಂಬಿನಂತೆ ಅಗಲವಾಗಿ ಚಾಚುವ ಎಲ್ಕ್‌ಹಾರ್ನ್ ಮತ್ತು ಸಣ್ಣ ಕವಲುಗಳ ಸ್ಟ್ಯಾಗ್‌ಹಾರ್ನ್ ಎಂಬುವನ್ನು, ಬಹುಪಾಲು ಅಳಿಸಿಹಾಕಿತು. ಅಮೆರಿಕ ಸರ್ಕಾರ 2006ರಲ್ಲಿ ಈ ಎರಡನ್ನೂ ಅಪಾಯದಂಚಿನ ಜೀವಿಗಳ ಕಾಯಿದೆಯಡಿ ತಂದಿತು. ಇಂಥ ಅಳಿವು ಹಿಂದೆಯೂ ಬಂದು ಹೋಗಿರಬಹುದಲ್ಲವೇ ಎಂಬ ಪ್ರಶ್ನೆಗೆ ಮನುಷ್ಯರ ದಾಖಲೆಯಲ್ಲಿ ಉತ್ತರವಿರಲಿಲ್ಲ. ಬೆಲೀಜ್ ದೇಶದ ದಿಬ್ಬಗಳೊಳಕ್ಕೆ ಕೊಳವೆಗಳನ್ನು ಇಳಿಸಿ ತೆಗೆದ ಹವಳದ ಪದರಗಳನ್ನು ಓದಿದ ಸಂಶೋಧಕರು, ಸ್ಟ್ಯಾಗ್‌ಹಾರ್ನ್ ಹವಳವು 3,000ಕ್ಕೂ ಹೆಚ್ಚು ವರ್ಷ ಅಲ್ಲಿ ಎಡೆಬಿಡದೆ ಬೆಳೆದಿತ್ತೆಂದೂ ನಮ್ಮ ಕಾಲದ ಅಳಿವಿಗೆ ಆ ಪದರಗಳಲ್ಲಿ ಸಾಟಿಯಿಲ್ಲವೆಂದೂ ತೋರಿಸಿದರು.

ಜಮೈಕಾದ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ದೀರ್ಘಕಾಲದ ನಿಗಾ ಎಂಬುದರ ಬೆಲೆ ಅಲ್ಲಿ ತಿಳಿದಷ್ಟು ಬೇರೆಲ್ಲೂ ತಿಳಿದಿಲ್ಲ. ಆ ದ್ವೀಪದ ಉತ್ತರ ತೀರದಲ್ಲಿರುವ ಡಿಸ್ಕವರಿ ಬೇ ಎಂಬ ಕೊಲ್ಲಿಯ ಸುತ್ತಮುತ್ತ 1950ರ ದಶಕದಿಂದಲೇ ಹವಳದ ಅಧ್ಯಯನ ನಡೆಯುತ್ತಿತ್ತು. ಬಲೆ ಮತ್ತು ಬೋನುಗಳಿಂದ ಮಿತಿಮೀರಿ ಹಿಡಿದದ್ದರಿಂದ ಪಾಚಿ ಮೇಯುವ ಮೀನುಗಳು ಅಲ್ಲಿ ಬಹಳ ಹಿಂದೆಯೇ ವಿರಳವಾಗಿದ್ದವು. ಆದರೂ ದಿಬ್ಬ ನೋಡಲು ಸೊಂಪಾಗಿಯೇ ಇತ್ತು, ಏಕೆಂದರೆ ಉದ್ದನೆಯ ಕಪ್ಪು ಮುಳ್ಳುಗಳುಳ್ಳ ಚೆಂಡಿನಾಕಾರದ ಡಯಾಡೆಮಾ ಎಂಬ ಕಡಲ ಅರ್ಚಿನ್ ಪ್ರಾಣಿಯೊಂದು ಮೀನುಗಳು ಬಿಟ್ಟ ಕೆಲಸವನ್ನು ತಾನೊಂದೇ ಮಾಡುತ್ತಿತ್ತು. 1980ರಲ್ಲಿ ಅಲೆನ್ ಎಂಬ ಚಂಡಮಾರುತ ಕವಲುಹವಳಗಳನ್ನು ಮುರಿದುಹಾಕಿತು. 1983ರ ಆರಂಭದಲ್ಲಿ ಪನಾಮದ ಕರಾವಳಿಯಲ್ಲಿ ಡಯಾಡೆಮಾ ಪ್ರಾಣಿಗಳು ಮುಳ್ಳು ಉದುರಿಸಿಕೊಂಡು ಸಾಯತೊಡಗಿದವು. ಪ್ರವಾಹಗಳ ಜೊತೆ ಸಾಗಿದ ಆ ಸಾವು ಸುಮಾರು ಒಂದು ವರ್ಷದಲ್ಲಿ ಇಡೀ ಕೆರಿಬಿಯನ್ ಕಡಲನ್ನು ಸುತ್ತಿ ಬಂದು, ಹೋದ ಕಡೆಗಳಲ್ಲೆಲ್ಲ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚಿನವನ್ನು ಕೊಂದಿತು. ಮೇಯುವವರಿಲ್ಲದ ದಿಬ್ಬದ ಮೇಲೆ ಪಾಚಿ ದಟ್ಟೈಸಿತು, ಹವಳದ ಮರಿಗಳಿಗೆ ಕಾಲೂರಲು ಜಾಗ ಸಿಗಲಿಲ್ಲ. ಟೆರಿ ಹ್ಯೂಸ್ ಎಂಬ ವಿಜ್ಞಾನಿ 1994ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 1970ರ ದಶಕದ ಕೊನೆಯಲ್ಲಿ ಶೇ. 50ಕ್ಕಿಂತ ಹೆಚ್ಚಿದ್ದ ಹವಳದ ಹೊದಿಕೆ 1990ರ ದಶಕದ ಮೊದಲ ವರ್ಷಗಳಲ್ಲಿ ಶೇ. 5ಕ್ಕಿಂತ ಕೆಳಗಿಳಿದಿತ್ತು, ಪಾಚಿಯ ಹೊದಿಕೆ ಸುಮಾರು ಶೇ. 4ರಿಂದ ಶೇ. 92ಕ್ಕೆ ಏರಿತ್ತು. ಮಧ್ಯದ ವರ್ಷಗಳ ದಾಖಲೆ ಇಲ್ಲದೆ ಕೊನೆಯ ಸ್ಥಿತಿಯನ್ನಷ್ಟೇ ನೋಡಿದ್ದರೆ ಚಂಡಮಾರುತವೇ ಇದನ್ನೆಲ್ಲ ಮಾಡಿತೆಂದು ತೀರ್ಪಾಗುತ್ತಿತ್ತು. ಬಿರುಗಾಳಿ ಕೊಟ್ಟ ಪೆಟ್ಟು, ಒಂದು ಅಂಟುರೋಗ ತಂದ ಸಾವು ಮತ್ತು ದಶಕಗಳ ಮೀನುಗಾರಿಕೆ ಒಳಗೊಳಗೇ ಮಾಡಿದ ಹಾನಿ ಹೇಗೆ ಒಂದರ ಮೇಲೊಂದು ಬಿದ್ದವು ಎಂಬುದು ವರ್ಷವರ್ಷದ ಅಂಕಿಗಳಿದ್ದುದರಿಂದಲೇ ತಿಳಿಯಿತು.

ದಾಖಲೆ ಇಲ್ಲದ ಕಡೆ ಏನಾಗುತ್ತದೆ ಎಂಬುದನ್ನು ಡೇನಿಯಲ್ ಪಾಲಿ ಎಂಬ ಮೀನುಗಾರಿಕಾ ವಿಜ್ಞಾನಿ 1995ರಲ್ಲಿ ವಿವರಿಸಿದರು. ಪ್ರತಿ ತಲೆಮಾರಿನವರೂ ತಾವು ಕೆಲಸ ಆರಂಭಿಸಿದಾಗ ಕಂಡ ಕಡಲನ್ನೇ ಸಹಜವಾದ, ಆರೋಗ್ಯವಂತ ಕಡಲೆಂದು ಎಣಿಸುತ್ತಾರೆ, ಅದರಿಂದ ಮುಂದಾದ ನಷ್ಟವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಹೀಗೆ ಅಳತೆಗೋಲಿನ ಸೊನ್ನೆಯೇ ತಲೆಮಾರಿನಿಂದ ತಲೆಮಾರಿಗೆ ಕೆಳಗೆ ಜಾರುತ್ತ ಹೋಗುತ್ತದೆ. ಕೆರೆ ತುಂಬಿದ್ದನ್ನು ಕಾಣದೆ ಬೆಳೆದ ಊರಿನ ಮಕ್ಕಳು ಕೆರೆಯಂಗಳವನ್ನು ಆಟದ ಬಯಲೆಂದೇ ತಿಳಿಯುವಂತೆ, ಶೇ. 10ರಷ್ಟು ಹವಳವಿರುವ ದಿಬ್ಬವನ್ನು ಕಂಡ ಯುವ ವಿಜ್ಞಾನಿಗೆ ಅದೇ ಚೆಂದವೆನ್ನಿಸುವುದು ಸಹಜ.

ನಿಗಾ ವ್ಯವಸ್ಥೆಗಳಲ್ಲಿ ಅತ್ಯಂತ ದೊಡ್ಡದು, ಬಹುಶಃ ಅತ್ಯಂತ ಶ್ರದ್ಧೆಯಿಂದ ನಡೆದುಬಂದದ್ದು, ಆಸ್ಟ್ರೇಲಿಯದ ಈಶಾನ್ಯ ಕರಾವಳಿಯಲ್ಲಿ ಸುಮಾರು 2,300 ಕಿಲೋಮೀಟರ್ ಉದ್ದಕ್ಕೆ ಹಬ್ಬಿರುವ ಗ್ರೇಟ್ ಬ್ಯಾರಿಯರ್ ರೀಫ್‌ನದು. ಟೌನ್ಸ್‌ವಿಲ್ ಬಳಿಯ ಆಸ್ಟ್ರೇಲಿಯನ್ ಇನ್‌ಸ್ಟಿಟ್ಯೂಟ್ ಆಫ್ ಮರೈನ್ ಸೈನ್ಸ್ ಎಂಬ ಸಂಸ್ಥೆ 1985ರಿಂದ ಇಲ್ಲಿ ಸಮೀಕ್ಷೆ ನಡೆಸುತ್ತಿದೆ. ಸಣ್ಣ ದೋಣಿಯ ಹಿಂದೆ ಹಗ್ಗಕ್ಕೆ ಕಟ್ಟಿದ ಹಲಗೆಯನ್ನು ಹಿಡಿದು ತೇಲುವ ವೀಕ್ಷಕನನ್ನು ಗಂಟೆಗೆ ಸುಮಾರು 4 ಕಿಲೋಮೀಟರ್ ವೇಗದಲ್ಲಿ ದಿಬ್ಬದ ಸುತ್ತ ಎಳೆದೊಯ್ಯುತ್ತಾರೆ. ಎರಡೆರಡು ನಿಮಿಷಕ್ಕೊಮ್ಮೆ ದೋಣಿ ನಿಂತಾಗ ಆತ ತಾನು ಕಂಡ ಜೀವಂತ ಹವಳ, ಸತ್ತ ಹವಳ ಮತ್ತು ಮುಳ್ಳುಕಿರೀಟದ ನಕ್ಷತ್ರಮೀನುಗಳ ಲೆಕ್ಕವನ್ನು ಬರೆಯುತ್ತಾನೆ. ಇದು ವಿಶಾಲವಾದ, ಆದರೆ ಒರಟಾದ ನೋಟ. 1990ರ ದಶಕದಿಂದ ಇದರ ಜೊತೆಗೆ ಆಯ್ದ ದಿಬ್ಬಗಳಲ್ಲಿ 50 ಮೀಟರ್ ಉದ್ದದ ಕಾಯಂ ಟ್ರಾನ್ಸೆಕ್ಟ್‌ಗಳ ಉದ್ದಕ್ಕೂ ಹವಳವನ್ನೂ ಮೀನನ್ನೂ ರೋಗದ ಗುರುತುಗಳನ್ನೂ ಹತ್ತಿರದಿಂದ ನೋಡಿ ಎಣಿಸುವ ಸೂಕ್ಷ್ಮ ಸಮೀಕ್ಷೆಯೂ ಸೇರಿಕೊಂಡಿತು. 214 ದಿಬ್ಬಗಳಿಂದ ಹೀಗೆ ಕೂಡಿಬಂದ ಅಂಕಿಗಳನ್ನು 2012ರಲ್ಲಿ ಒಟ್ಟಾಗಿ ವಿಶ್ಲೇಷಿಸಿದಾಗ, 27 ವರ್ಷಗಳಲ್ಲಿ ಹವಳದ ಹೊದಿಕೆ ಶೇ. 28ರಿಂದ ಶೇ. 13.8ಕ್ಕೆ ಇಳಿದಿರುವುದು ಗೊತ್ತಾಯಿತು. ಆ ನಷ್ಟದಲ್ಲಿ ಚಂಡಮಾರುತಗಳ ಪಾಲು ಶೇ. 48, ನಕ್ಷತ್ರಮೀನುಗಳ ಪಾಲು ಶೇ. 42, ಬಿಳಿಚುವಿಕೆಯ ಪಾಲು ಶೇ. 10 ಎಂದು ಬಿಡಿಸಿ ಹೇಳುವುದೂ ಸಾಧ್ಯವಾಯಿತು. ನಕ್ಷತ್ರಮೀನುಗಳನ್ನು ಮುಳುಗುಗಾರರು ಒಂದೊಂದಾಗಿ ಚುಚ್ಚುಮದ್ದಿನಿಂದ ಕೊಲ್ಲುವ ಕಾರ್ಯಕ್ರಮಕ್ಕೆ ಹಣ ಹಾಕಬಹುದೇ ಎಂಬ ಪ್ರಶ್ನೆಗೆ ಇಂಥ ಲೆಕ್ಕದಷ್ಟು ಗಟ್ಟಿಯಾದ ಉತ್ತರ ಇನ್ನೊಂದಿಲ್ಲ.

ಆದರೆ ಅಂಕಿಗಳು ಮೋಸಹೋಗುವುದಕ್ಕೂ ದಾರಿ ಮಾಡಿಕೊಡುತ್ತವೆ. ಅದೇ ಸಂಸ್ಥೆ 2022ರಲ್ಲಿ ಉತ್ತರ ಮತ್ತು ಮಧ್ಯ ಭಾಗಗಳಲ್ಲಿ ಹವಳದ ಹೊದಿಕೆ 36 ವರ್ಷಗಳಲ್ಲೇ ಅತಿ ಹೆಚ್ಚಾಗಿರುವುದನ್ನು ವರದಿ ಮಾಡಿದಾಗ, ದಿಬ್ಬಕ್ಕೆ ಯಾವ ಕೇಡೂ ಇಲ್ಲವೆಂಬ ಮಾತು ಜಗತ್ತಿನ ಪತ್ರಿಕೆಗಳಲ್ಲಿ ಹರಿದಾಡಿತು. ಹೆಚ್ಚಳದ ಬಹುಭಾಗವು ಅಕ್ರೊಪೊರ ಕುಲದ ಕವಲು ಮತ್ತು ಮೇಜಿನಾಕಾರದ ಹವಳಗಳಿಂದ ಬಂದದ್ದೆಂದು ವರದಿಯಲ್ಲೇ ಬರೆದಿತ್ತು. ಇವು ಬೇಗ ಬೆಳೆಯುತ್ತವೆ, ಅಷ್ಟೇ ಬೇಗ ಅಲೆಗಳಿಗೆ ಮುರಿಯುತ್ತವೆ, ಬಿಸಿಗೆ ಮೊದಲು ಬಿಳಿಚುತ್ತವೆ, ನಕ್ಷತ್ರಮೀನಿಗೂ ಅಚ್ಚುಮೆಚ್ಚಿನವು. 2024ರ ಬೇಸಿಗೆಯಲ್ಲಿ ಸಮೂಹವಾಗಿ ಬಿಳಿಚಿದ ಮೇಲೆ 2025ರಲ್ಲಿ ಬಂದ ವರದಿಯ ಪ್ರಕಾರ, ಹೊದಿಕೆ ಉತ್ತರದಲ್ಲಿ ಶೇ. 39.8ರಿಂದ ಶೇ. 30ಕ್ಕೂ, ದಕ್ಷಿಣದಲ್ಲಿ ಶೇ. 38.9ರಿಂದ ಶೇ. 26.9ಕ್ಕೂ ಒಂದೇ ವರ್ಷದಲ್ಲಿ ಕುಸಿಯಿತು. ಈ ಎರಡು ಭಾಗಗಳಲ್ಲಿ ಒಂದು ವರ್ಷದ ಇಷ್ಟು ದೊಡ್ಡ ಕುಸಿತವನ್ನು ನಿಗಾ ಆರಂಭವಾದಂದಿನಿಂದ ಕಂಡಿರಲಿಲ್ಲ. ಏರಿಳಿತವೇ ಜೋರಾಗುತ್ತಿದೆ ಎಂಬ ಸಂಗತಿಯು ಯಾವ ಒಂದು ವರ್ಷದ ಅಂಕಿಯಲ್ಲೂ ಇಲ್ಲ, ನಲವತ್ತು ವರ್ಷಗಳ ಸಾಲಿನಲ್ಲಿ ಇದೆ.

ಬಿಸಿಗೂ ರೋಗಕ್ಕೂ ಇರುವ ನಂಟು ತಿಳಿದದ್ದೂ ಇದೇ ಸಾಲಿನಿಂದ. ಉಪಗ್ರಹಗಳು ಅಳೆಯುವ ಕಡಲ ಮೇಲ್ಮೈಯ ಬಿಸಿಯನ್ನು ಆಧರಿಸಿ ಅಮೆರಿಕದ ನೋವಾ ಸಂಸ್ಥೆ ಒಂದು ಲೆಕ್ಕ ಇಡುತ್ತದೆ: ಆಯಾ ಜಾಗದಲ್ಲಿ ಅತ್ಯಂತ ಬೆಚ್ಚನೆಯ ತಿಂಗಳ ಸರಾಸರಿಗಿಂತ 1 ಡಿಗ್ರಿ ಸೆಲ್ಸಿಯಸ್ ಹೆಚ್ಚಿನ ಬಿಸಿ ಒಂದು ವಾರ ನಿಂತರೆ ಅದು ಒಂದು ಅಂಶ; ಹನ್ನೆರಡು ವಾರಗಳ ಅವಧಿಯಲ್ಲಿ ಇಂಥ ನಾಲ್ಕು ಅಂಶಗಳು ಕೂಡಿದರೆ ಗಣನೀಯವಾಗಿ ಬಿಳಿಚುತ್ತದೆ, ಎಂಟು ಕೂಡಿದರೆ ಸಾವುಗಳು ಕಾಣತೊಡಗುತ್ತವೆ. ಗ್ರೇಟ್ ಬ್ಯಾರಿಯರ್ ರೀಫ್‌ನ ಸುಮಾರು 1,500 ಕಿಲೋಮೀಟರ್ ಉದ್ದದಲ್ಲಿ 48 ದಿಬ್ಬಗಳ ಆರು ವರ್ಷಗಳ ರೋಗದ ಎಣಿಕೆಯನ್ನು ಬಿಸಿಯ ದಾಖಲೆಯೊಂದಿಗೆ ಹೋಲಿಸಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಗಿ, ಬಿಸಿ ಹೆಚ್ಚಿದ ವರ್ಷಗಳ ಬೆನ್ನಿಗೇ, ಅದರಲ್ಲೂ ಹವಳ ದಟ್ಟವಾಗಿರುವ ದಿಬ್ಬಗಳಲ್ಲೇ, ಬಿಳಿ ರೋಗಗಳು ಸ್ಫೋಟಿಸುತ್ತವೆಂದು ತೋರಿಸಿತು. ಮನೆಗೆ ಮನೆ ಅಂಟಿಕೊಂಡ ಕೇರಿಯಲ್ಲಿ ಸಾಂಕ್ರಾಮಿಕ ಬೇಗ ಹರಡುವಂತೆ ಸೊಂಪಾದ ದಿಬ್ಬವೇ ರೋಗಕ್ಕೆ ಸುಲಭದ ತುತ್ತಾಗುವುದು ಮನಸ್ಸು ಕಲಕುವ ಸಂಗತಿ.

ಬಿಸಿಯನ್ನು ಒಂದು ಊರು, ಒಂದು ದೇಶ ತಡೆಯಲಾರದು ಎಂದು ಕೈಚೆಲ್ಲುವವರಿಗೆ ನಿಗಾದ ದಾಖಲೆಗಳು ಬೇರೊಂದು ಉತ್ತರವನ್ನೂ ಕೊಡುತ್ತವೆ. ಫ್ಲಾರಿಡಾದ ದಕ್ಷಿಣ ತುದಿಯ ದ್ವೀಪಮಾಲೆಯಲ್ಲಿ ಎಲ್ಕ್‌ಹಾರ್ನ್ ಹವಳವನ್ನು ಕೊಲ್ಲುತ್ತಿದ್ದ ಬಿಳಿ ಸಿಡುಬು ಎಂಬ ರೋಗಕ್ಕೆ ಸೆರೇಷಿಯಾ ಮಾರ್ಸೆಸೆನ್ಸ್ ಎಂಬ ಬ್ಯಾಕ್ಟೀರಿಯಾ ಕಾರಣವೆಂದು 2002ರಲ್ಲಿ ಪತ್ತೆಯಾಯಿತು. ಅದರ ತಳಿಯು ಮನುಷ್ಯರ ಮಲದಿಂದಲೇ ಕಡಲನ್ನು ಸೇರುತ್ತಿದೆ ಎಂಬುದು 2011ರಲ್ಲಿ ಪ್ರಯೋಗದಿಂದ ಸಾಬೀತಾಯಿತು. ಪಾಯಿಖಾನೆ ಗುಂಡಿಗಳಿಂದ ಸುಣ್ಣಕಲ್ಲಿನ ಮೂಲಕ ನೇರವಾಗಿ ಕಡಲಿಗೆ ಜಿನುಗುತ್ತಿದ್ದ ಕೊಳಚೆಯನ್ನು ಆ ದ್ವೀಪಗಳು ಮುಂದೆ ಒಳಚರಂಡಿಗೆ ತಿರುಗಿಸಿ ಶುದ್ಧೀಕರಿಸತೊಡಗಿದವು. ಏಷ್ಯಾ ಪೆಸಿಫಿಕ್ ಪ್ರದೇಶದ 159 ದಿಬ್ಬಗಳಲ್ಲಿ 1,24,000ದಷ್ಟು ಹವಳಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ಲಾಸ್ಟಿಕ್ ತಗುಲಿದ ಹವಳಕ್ಕೆ ರೋಗ ಬರುವ ಸಾಧ್ಯತೆ ಶೇ. 4ರಿಂದ ಶೇ. 89ಕ್ಕೆ ಏರುವುದು ಕಂಡುಬಂತು. ಕೊಳಚೆ, ಪ್ಲಾಸ್ಟಿಕ್ ಎರಡೂ ಪುರಸಭೆ ಪಂಚಾಯಿತಿಗಳ ಕೈಯೊಳಗಿನ ವಿಷಯಗಳು.

ಭಾರತದಲ್ಲಿ ಹವಳದ ದಿಬ್ಬಗಳಿರುವುದು ಮುಖ್ಯವಾಗಿ ಲಕ್ಷದ್ವೀಪ, ಅಂಡಮಾನ್ ನಿಕೋಬಾರ್, ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ ಮತ್ತು ಕಛ್ ಕೊಲ್ಲಿಗಳಲ್ಲಿ. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪರಿಶಿಷ್ಟದಲ್ಲಿ, ಹುಲಿ ಆನೆಗಳ ಸಾಲಿನಲ್ಲಿ, ದಿಬ್ಬ ಕಟ್ಟುವ ಹವಳಗಳಿಗೆ 2001ರಲ್ಲಿ ಸ್ಥಾನ ದೊರಕಿತು. ಇಲ್ಲಿನ ಅತ್ಯಂತ ದೀರ್ಘವಾದ ನಿಗಾ ಕಾರ್ಯಗಳಲ್ಲೊಂದು ಕಡಲಿನಿಂದ ದೂರದ ಮೈಸೂರಿನಲ್ಲಿ ನೆಲೆಯೂರಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯದೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. 1998ರ ಎಲ್ ನಿನೊ ಬಿಸಿಯಿಂದ ಲಕ್ಷದ್ವೀಪದ ಹವಳಗಳು ಸಾಮೂಹಿಕವಾಗಿ ಸತ್ತ ಕಾಲದಿಂದ ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ ಕಲೆಹಾಕಿದ ಅಂಕಿಗಳು 2010 ಮತ್ತು 2016ರ ಎರಡು ಬಿಸಿ ಅಲೆಗಳನ್ನೂ ದಾಟಿ ಬಂದಿವೆ. 24 ವರ್ಷಗಳಲ್ಲಿ ಹವಳದ ಹೊದಿಕೆ ಸುಮಾರು ಶೇ. 37ರಿಂದ ಶೇ. 19ರ ಆಸುಪಾಸಿಗೆ ಇಳಿದಿರುವುದು ಅದರ ಒಂದು ಮುಖ. ಒಂದೊಂದು ಅಲೆಯಲ್ಲೂ ಸಾಯುವ ಪ್ರಮಾಣ ಹಿಂದಿನದಕ್ಕಿಂತ ಕಡಿಮೆಯಾಗುತ್ತ ಬಂದರೂ, ಸತ್ತದ್ದು ಮತ್ತೆ ಬೆಳೆದು ತುಂಬಿಕೊಳ್ಳುವ ವೇಗವೇ ಕುಗ್ಗಿದೆ ಎಂಬುದು ಇನ್ನೊಂದು ಮುಖ. ಹವಳದ ದಿಬ್ಬವೇ ಅಲೆಗಳನ್ನು ತಡೆದು ಉಳಿಸಿರುವ, ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರದ ದ್ವೀಪಗಳಲ್ಲಿ ವಾಸಿಸುವವರಿಗೆ ಇದು ಮನೆಯ ಅಡಿಪಾಯದ ಮಾತು. ಕರ್ನಾಟಕದ್ದೇ ಆದ ಕಡಲಿನಲ್ಲಿ, ಮುರುಡೇಶ್ವರದ ಎದುರಿಗೆ ದಡದಿಂದ ಸುಮಾರು 20 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಬಂಡೆಗಳ ಮೇಲೂ ಹವಳಗಳಿವೆ, ಅವನ್ನು ನೋಡಲು ಮುಳುಗುವ ಪ್ರವಾಸಿಗರೂ ದಂಡಿಯಾಗಿದ್ದಾರೆ. ಮಳೆಗಾಲದ ಕೆಸರು ನೀರನ್ನು ತಡೆದುಕೊಂಡು ಬದುಕಿರುವ ಆ ಹವಳಗಳಿಗೂ ಸಂಖ್ಯೆ ಕೊಟ್ಟು, ಪ್ರತಿ ವರ್ಷ ಕಡಲು ತಿಳಿಯಾಗುವ ತಿಂಗಳುಗಳಲ್ಲಿ ಅವೇ ಕಾಲೊನಿಗಳ ಚಿತ್ರ ತೆಗೆದಿಡುವ ಕೆಲಸ ಸರ್ಕಾರದ ಕರ್ತವ್ಯಗಳಲ್ಲಿ ಸೇರಬೇಕು. ಅದಕ್ಕೆ ತಗಲುವ ಖರ್ಚು ಒಂದು ಸಣ್ಣ ರಸ್ತೆಯ ದುರಸ್ತಿಗೂ ಸಮನಾಗದು.

ಪುನಃ ಫ್ಲಾರಿಡಾಕ್ಕೆ ಬಂದರೆ, ಅಲ್ಲಿ 1996ರಿಂದ ಕಾಯಂ ನಿಗಾ ಕಾರ್ಯಕ್ರಮವೊಂದು ನಡೆಯುತ್ತಿತ್ತು. 2014ರ ಸೆಪ್ಟೆಂಬರ್‌ನಲ್ಲಿ ಮಯಾಮಿ ನಗರದ ಬಳಿಯ ವರ್ಜೀನಿಯಾ ಕೀ ದ್ವೀಪದ ಹೊರಗಡಲಿನಲ್ಲಿ ಹವಳಗಳ ಅಂಗಾಂಶ ತೇಪೆತೇಪೆಯಾಗಿ ಕಳಚಿಹೋಗುತ್ತಿರುವುದು ಕಣ್ಣಿಗೆ ಬಿತ್ತು. ಹತ್ತಿರದಲ್ಲೇ ಬಂದರಿನ ಹೂಳೆತ್ತುವ ಕೆಲಸ ನಡೆದಿತ್ತು, ಆ ಬೇಸಿಗೆಯಲ್ಲಿ ನೀರು ಬಿಸಿಯಾಗಿ ಹವಳ ಬಿಳಿಚಿಯೂ ಇತ್ತು; ಆದರೆ ಈ ಎರಡು ಕಾರಣಗಳಿಲ್ಲದ ಕಡೆಗಳಿಗೂ ಕಾಯಿಲೆ ತಿಂಗಳಿಂದ ತಿಂಗಳಿಗೆ ಉತ್ತರಕ್ಕೂ ದಕ್ಷಿಣಕ್ಕೂ ಹಬ್ಬುತ್ತ ಹೋದದ್ದನ್ನು ದಾಖಲೆಗಳು ತೋರಿಸಿದ್ದರಿಂದ, ಇದು ನೀರಿನ ಮೂಲಕ ಹರಡುವ ಅಂಟುರೋಗವೆಂಬುದು ಖಚಿತವಾಯಿತು. ಕಲ್ಲುಹವಳದ ಅಂಗಾಂಶ ನಾಶದ ರೋಗವೆಂದು ಕರೆಯಲಾದ ಇದು 20ಕ್ಕೂ ಹೆಚ್ಚು ಜಾತಿಗಳಿಗೆ ತಗುಲಿ, ಶತಮಾನಗಳ ವಯಸ್ಸಿನ ಉಂಡೆ ಹವಳಗಳನ್ನೂ ವಾರಗಳಲ್ಲಿ ಇಲ್ಲವೇ ತಿಂಗಳುಗಳಲ್ಲಿ ಮುಗಿಸಿತು. 2018ರ ಹೊತ್ತಿಗೆ ಜಮೈಕಾ ಮತ್ತು ಮೆಕ್ಸಿಕೊ ತೀರಗಳಲ್ಲೂ ಕಾಣಿಸಿಕೊಂಡಿತು. ರೋಗಾಣು ಯಾವುದೆಂದು ಇಂದಿಗೂ ನಿರ್ಣಯವಾಗಿಲ್ಲ. ಹೆಸರು ತಿಳಿಯದ ಶತ್ರುವಿನ ವಿರುದ್ಧ ಮುಳುಗುಗಾರರು ಅಮಾಕ್ಸಿಸಿಲಿನ್ ಎಂಬ, ಮನುಷ್ಯರೂ ನುಂಗುವ ಔಷಧವನ್ನು ಮುಲಾಮಿನಲ್ಲಿ ಕಲಸಿ, ರೋಗದ ಗೆರೆಯುದ್ದಕ್ಕೂ ಕೈಯಿಂದಲೇ ಮೆತ್ತತೊಡಗಿದರು. ಮೆತ್ತಿದ ಗೆರೆ ಬಹುತೇಕ ನಿಲ್ಲುತ್ತಿತ್ತು, ಆದರೆ ಅದೇ ಕಾಲೊನಿಯ ಇನ್ನೊಂದು ಮಗ್ಗುಲಲ್ಲಿ ಹೊಸ ಗೆರೆ ಹುಟ್ಟುತ್ತಿದ್ದುದರಿಂದ ಮತ್ತೆ ಮತ್ತೆ ಹೋಗಿ ನೋಡಬೇಕಾಗುತ್ತಿತ್ತು. ಒಂದು ದಿಬ್ಬದಿಂದ ಇನ್ನೊಂದಕ್ಕೆ ತಾವೇ ರೋಗ ಒಯ್ಯಬಾರದೆಂದು ಮುಳುಗುವ ಉಡುಪು ಸಲಕರಣೆಗಳನ್ನು ಸೋಂಕುನಾಶಕದಲ್ಲಿ ಅದ್ದಿ ತೆಗೆಯುವುದೂ ರೂಢಿಗೆ ಬಂತು.

ಈ ರೋಗಕ್ಕೆ ಹೆಚ್ಚು ಬಲಿಯಾದವುಗಳಲ್ಲಿ ಕಂಬಹವಳವೊಂದು. ದೇವಾಲಯದ ಕಂಬಗಳಂತೆ ನೆಟ್ಟಗೆ, ಕೆಲವೊಮ್ಮೆ ಆಳೆತ್ತರಕ್ಕೂ ಮೀರಿ ಏಳುವ ಈ ಜಾತಿ ಫ್ಲಾರಿಡಾದಲ್ಲಿ ಮೊದಲಿನಿಂದಲೂ ವಿರಳ. ಸಂಶೋಧಕರು 2013ರಿಂದಲೇ ಅಲ್ಲಿ ಗೊತ್ತಿದ್ದ ಕಾಲೊನಿಗಳನ್ನೆಲ್ಲ ಒಂದೊಂದಾಗಿ ಗುರುತಿಸಿ ನಕ್ಷೆಯಲ್ಲಿ ನಮೂದಿಸುತ್ತ ಬಂದಿದ್ದರು, ಯಾವುವು ಒಂದೇ ತಾಯಿಯ ತುಂಡುಗಳು, ಯಾವುವು ಬೇರೆ ವಂಶದವು ಎಂಬುದನ್ನು ವಂಶವಾಹಿ ಪರೀಕ್ಷೆಯಿಂದ ತಿಳಿದಿದ್ದರು. 2020 ಮುಗಿಯುವಷ್ಟರಲ್ಲಿ ಆ ಕಾಲೊನಿಗಳಲ್ಲಿ ಶೇ. 90ಕ್ಕೂ ಹೆಚ್ಚು ಸತ್ತುಹೋಗಿದ್ದವು. ಉಳಿದವು ಗಂಡೂ ಹೆಣ್ಣೂ ಒಂದರಿಂದೊಂದು ಬಹುದೂರ ಉಳಿದುಬಿಟ್ಟಿದ್ದರಿಂದ, ಮೊಟ್ಟೆ ಮತ್ತು ವೀರ್ಯ ನೀರಿನಲ್ಲಿ ಕೂಡುವ ಸಾಧ್ಯತೆಯೂ ಇಲ್ಲವಾಯಿತು. ಆದರೆ ರೋಗದ ಗೆರೆ ಎಲ್ಲಿಂದ ಎಲ್ಲಿಗೆ ಸಾಗುತ್ತಿದೆ ಎಂಬ ದಾಖಲೆ ಕೈಯಲ್ಲಿದ್ದುದರಿಂದ, ಅದು ತಲುಪುವ ಮುನ್ನವೇ ಬೇರೆ ಬೇರೆ ವಂಶಗಳ ತುಂಡುಗಳನ್ನು ಆಯ್ದು ತೆಗೆದು ದಡದ ತೊಟ್ಟಿಗಳಿಗೆ ಸಾಗಿಸುವುದು ಸಾಧ್ಯವಾಗಿತ್ತು. 2019ರ ಆಗಸ್ಟ್‌ನಲ್ಲಿ ಟ್ಯಾಂಪಾ ನಗರದ ಫ್ಲಾರಿಡಾ ಅಕ್ವೇರಿಯಂ ಸಂಸ್ಥೆಯ ತೊಟ್ಟಿಗಳಲ್ಲಿ, ಕೃತಕವಾಗಿ ಒದಗಿಸಿದ ಹಗಲಿರುಳು ಮತ್ತು ತಿಂಗಳ ಬೆಳಕಿಗೆ ಓಗೊಟ್ಟು, ಕಂಬಹವಳಗಳು ಮೊದಲ ಬಾರಿಗೆ ಮೊಟ್ಟೆಯಿಟ್ಟವು. ಹುಟ್ಟಿದ ಮರಿಗಳ ತಂದೆತಾಯಿಗಳು ಕಡಲಿನ ಯಾವ ದಿಬ್ಬದ ಯಾವ ಸಂಖ್ಯೆಯ ಕಾಲೊನಿಗಳೆಂಬುದು ಅಲ್ಲಿನ ಪುಸ್ತಕದಲ್ಲಿ ಬರೆದಿದೆ.